ಒಂದು ಗೇಣು ಜಾಗ ಬಿಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮದು ಸಣ್ಣ ಸಹಕಾರ ಸಂಘದ ಆಫೀಸು. ಎರಡು ಕೋಣೆ, ಮೂರು ಕಬ್ಬಿಣದ ಬೀರು, ಹೊರಗೆ ಒಂದು ಬೆಂಚು. ಒಂದು ಬೀರುವಿನ ಕೆಳಗಿನ ಅರೆಯಲ್ಲಿ ಡಿಸ್ಕ್‌ಗಳ ರಾಶಿ. ಹಳೇ ಮಹಾಸಭೆಗಳು, ಗೋದಾಮಿನ ಉದ್ಘಾಟನೆ, ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಪಾಠ, ನಾಲ್ಕಾರು ಯಕ್ಷಗಾನ. ಸಾಲದ ಅರ್ಜಿ ಹಿಡಿದು ಬೆಂಚಿನ ಮೇಲೆ ಕೂತವರು ಸುಮ್ನೆ ಗೋಡೆ ನೋಡುವ ಬದಲು ಇದನ್ನಾದರೂ ನೋಡಲಿ ಅಂತ, ಡಿಸ್ಕ್ ಪ್ಲೇಯರ್ ಒಳಗೇ ಇರುವ ಒಂದು ಸಣ್ಣ ಟಿವಿ ತಂದೆವು. ಒಂದೇ ಪ್ಲಗ್ಗು, ಒಂದೇ ರಿಮೋಟು, ವೈರುಗಳ ಗೋಜಲಿಲ್ಲ. ಆಫೀಸಿಗೆ ಇದಕ್ಕಿಂತ ಇನ್ನೇನು ಬೇಕು ಅನ್ನಿಸಿತ್ತು.

ತಂದ ದಿನವೇ ಅದನ್ನು ಎರಡು ಬೀರುಗಳ ನಡುವಿನ ಸಂದಿಯಲ್ಲಿಟ್ಟೆವು. ಅಳತೆ ಮಾಡಿಸಿದ ಹಾಗೆ ಕೂತಿತು. ಆಮೇಲೆ ನೋಡಿದರೆ ಡಿಸ್ಕ್ ಹಾಕುವ ಸೀಳು ಇರುವುದು ಟಿವಿಯ ಬಲಗಡೆ! ಡಿಸ್ಕ್ 12 ಸೆಂಟಿಮೀಟರ್ ಅಗಲ, ಅದನ್ನು ಹಿಡಿದ ಕೈಗೂ ಜಾಗ ಬೇಕಲ್ವಾ? ಪ್ರತಿ ಸಲ ನಮ್ಮ ಅಟೆಂಡರ್ ಟಿವಿಯನ್ನು ಮುಂದಕ್ಕೆ ಎಳೆದು, ಡಿಸ್ಕ್ ತೂರಿಸಿ, ಮತ್ತೆ ಹಿಂದಕ್ಕೆ ತಳ್ಳಬೇಕು. ತಿಂಗಳೊಳಗೆ ಕರೆಂಟಿನ ವೈರು ಸಡಿಲವಾಯಿತು. ಅಂಗಡಿಗೆ ಹೋದಾಗ ಎಲ್ಲರೂ ಪರದೆ ಎಷ್ಟು ಇಂಚು ಅಂತ ಕೇಳುತ್ತಾರೆ. ಸೀಳು ಯಾವ ಕಡೆ ಇದೆ ಅಂತ ಮೊದಲು ಕೇಳಿ.

ಇಂಚಿನ ವಿಷಯಕ್ಕೆ ಬಂದರೆ, 19 ಅಥವಾ 22 ಇಂಚು ಸಾಕು. ದುಡ್ಡು ಉಳಿಸುವುದಕ್ಕೆ ಅಂತ ಹೇಳುತ್ತಿಲ್ಲ. ನಮ್ಮ ಕಡೆಯ ಡಿವಿಡಿಯ ಚಿತ್ರದಲ್ಲಿ ಮೇಲಿಂದ ಕೆಳಕ್ಕೆ ಇರುವುದೇ 576 ಗೆರೆ, ಹಳೇ ವಿಸಿಡಿಯಲ್ಲಿ, ಅಂದರೆ ವಿಡಿಯೊ ತುಂಬಿದ ಸಿಡಿಯಲ್ಲಿ, ಅದರ ಅರ್ಧ, 288. ದೊಡ್ಡ ಪರದೆಗೆ ಇದನ್ನು ಹಿಗ್ಗಿಸಿದರೆ ಭಾಗವತರ ಮುಖ ನೀರಿನಲ್ಲಿ ನೆಂದ ಫೋಟೊ ಥರ ಕಾಣುತ್ತದೆ. ಸಣ್ಣ ಪರದೆಯಲ್ಲಿ ಅದೇ ಚಿತ್ರ ಗಟ್ಟಿಯಾಗಿರುತ್ತದೆ. ಇನ್ನೊಂದು ಮಾತು, ಕೆಲವು ಅಗ್ಗದ ಪರದೆಗಳನ್ನು ಕೆಳಗಿಂದ ನೋಡಿದರೆ ಬಣ್ಣವೆಲ್ಲ ಕಪ್ಪಾಗುತ್ತದೆ. ಗೋಡೆಯ ಮೇಲೆ ಎತ್ತರಕ್ಕೆ ಹಾಕುವ ಯೋಚನೆ ಇದ್ದರೆ ಅಂಗಡಿಯಲ್ಲೇ ಕುಕ್ಕರುಗಾಲಲ್ಲಿ ಕೂತು ತಲೆಯೆತ್ತಿ ನೋಡಿ. ಸೇಲ್ಸ್‌ನವರು ನಕ್ಕರೆ ನಗಲಿ.

ಅಂಗಡಿಗೆ ಹೋಗುವಾಗ ನಿಮ್ಮದೇ ಡಿಸ್ಕ್ ತೆಗೆದುಕೊಂಡು ಹೋಗಿ. ಅದರಲ್ಲೂ ಗೀರು ಬಿದ್ದಿರುವ, ಹತ್ತಿರದ ಸ್ಟುಡಿಯೊದವರು ರೈಟ್ ಮಾಡಿ ಕೊಟ್ಟ ಡಿಸ್ಕ್. ಅವರು ತೋರಿಸುವ ಹೊಸ ಡಿಸ್ಕ್ ಯಾವ ಟಿವಿಯಲ್ಲೂ ಓಡುತ್ತದೆ. ಒಂದು ವಿಸಿಡಿ, ಒಂದು ಡಿವಿಡಿ, ಎರಡೂ ಇರಲಿ. ಡಿವಿಡಿ ಓದುವ ಲೇಸರ್ ಬೇರೆ, ಸಿಡಿ ಮತ್ತು ವಿಸಿಡಿ ಓದುವ ಲೇಸರ್ ಬೇರೆ. ಹಳೇ ಸೆಟ್ಟುಗಳಲ್ಲಿ ಒಂದು ಸೋತು ಇನ್ನೊಂದು ಚೆನ್ನಾಗಿರುವುದುಂಟು. ಈಗ ಇಂಥ ಹೊಸ ಟಿವಿ ಸಿಗುವುದು ಕಷ್ಟ, ಹೆಚ್ಚಾಗಿ ಸೆಕೆಂಡ್ ಹ್ಯಾಂಡೇ ಗತಿ, ಹಾಗಾಗಿ ಈ ಪರೀಕ್ಷೆ ಬಿಡಬೇಡಿ. ಆಫೀಸಿಗೆ ಬೇಕಾದ ಮತ್ತೊಂದು ಗುಣ, ಡಿಸ್ಕ್ ಮುಗಿದ ಮೇಲೆ ತಾನೇ ಮೊದಲಿನಿಂದ ಶುರುವಾಗಬೇಕು. ಇಲ್ಲವಾದರೆ ಕೌಂಟರಿನಲ್ಲಿರುವವರು ರಸೀದಿ ಬರೆಯುವುದು ಬಿಟ್ಟು ಗಂಟೆಗೊಮ್ಮೆ ಏಳಬೇಕಾಗುತ್ತದೆ. ದನಿಯನ್ನು ಫ್ಯಾನ್ ಹಾಕಿಸಿಯೇ ಕೇಳಿ. ಸಣ್ಣ ಟಿವಿಯ ಸ್ಪೀಕರು ಫ್ಯಾನಿನ ಮುಂದೆ ಸೋಲುವುದೇ ಜಾಸ್ತಿ.

ಅಮೆರಿಕದಲ್ಲಿರುವ ಮಗನೋ ಅಳಿಯನೋ ಇಂಥದ್ದೊಂದನ್ನು ಹೊತ್ತು ತಂದು ಕೊಡುತ್ತೇನೆ ಅಂದರೆ ನಯವಾಗಿ ಬೇಡ ಅನ್ನಿ. ಅಲ್ಲಿಯ ಕರೆಂಟು 120 ವೋಲ್ಟು, ನಮ್ಮದು 230. ಸಿನಿಮಾ ಡಿವಿಡಿಗಳನ್ನು ಯಾವ ದೇಶಗಳಲ್ಲಿ ಓಡಬೇಕು ಅಂತ ವಲಯಗಳಾಗಿ ಹಂಚಿರುತ್ತಾರೆ; ಅಲ್ಲಿಯ ಪ್ಲೇಯರ್ ಒಂದನೇ ವಲಯದ ಡಿವಿಡಿಗೆ ಮಾಡಿದ್ದು, ಭಾರತ ಐದನೇ ವಲಯ. ಟ್ರಾನ್ಸ್‌ಫಾರ್ಮರ್ ಕಟ್ಟಿ ಹೊತ್ತಿಸಿದರೂ ಇಲ್ಲಿ ಕೊಂಡ ಸಿನಿಮಾ ಡಿಸ್ಕ್‌ಗೆ ಅದು ಒಲ್ಲೆ ಅಂದುಬಿಡಬಹುದು.

ಇನ್ನು ನಮ್ಮ ಟಿವಿಯ ಕಥೆ. ಒಂದು ಮಹಾಸಭೆಯ ಡಿಸ್ಕ್ ಮೇಲೆ ಸಂಘದ ಹೆಸರು, ಅಧ್ಯಕ್ಷರ ಫೋಟೊ ಎಲ್ಲ ಇರುವ ಚಂದದ ಕಾಗದದ ಲೇಬಲ್ ಅಂಟಿಸಿದ್ದರು. ಒಳಗೆ ತಿರುಗಿ ತಿರುಗಿ ಬಿಸಿಯಾಗಿ ಆ ಲೇಬಲ್ಲಿನ ಅಂಚು ಎದ್ದಿತು. ಡಿಸ್ಕ್ ಹೊರಗೆ ಬರಲಿಲ್ಲ. ಒಳಗಿನಿಂದ ಕರ್ ಕರ್ ಅಂತ ಸದ್ದು, ಆಮೇಲೆ ಅದೂ ಇಲ್ಲ. ಪ್ಲೇಯರ್ ಟಿವಿಯಿಂದ ಬೇರೆಯಾಗಿದ್ದರೆ ಅದೊಂದನ್ನೇ ಕಂಕುಳಲ್ಲಿಟ್ಟುಕೊಂಡು ರಿಪೇರಿಗೆ ಹೋಗಬಹುದಿತ್ತು. ಇಲ್ಲಿ ಇಡೀ ಟಿವಿಯೇ ಹೋಗಬೇಕು. ಹೋಯಿತು. ಮೂರು ವಾರ ಬೆಂಚಿನವರು ಮತ್ತೆ ಗೋಡೆ ನೋಡಿದರು. ಎರಡೂ ಒಂದೇ ಡಬ್ಬಿಯಲ್ಲಿರುವುದರ ಸುಖ ಏನು, ಕಷ್ಟ ಏನು ಅಂತ ನನಗೆ ಸರಿಯಾಗಿ ಅರ್ಥವಾಗಿದ್ದು ಆಗಲೇ. ತಿರುಗುವ ಭಾಗ ಮೊದಲು ಕೆಡುತ್ತದೆ, ಪರದೆ ಆಮೇಲೆ.

ಅದಕ್ಕೇ ನನ್ನ ಲೆಕ್ಕ ಹೀಗೆ. ನಿಮ್ಮಲ್ಲಿ ಐದಾರೇ ಡಿಸ್ಕ್ ಇದ್ದು, ಅವು ನೀವೇ ಮಾಡಿಸಿದ ಕಾರ್ಯಕ್ರಮಗಳಾದರೆ ಪೆನ್ ಡ್ರೈವಿಗೆ ಹಾಕಿಸಿಬಿಡಿ, ಯುಎಸ್‌ಬಿ ಇರುವ ಯಾವುದಾದರೂ ಸಣ್ಣ ಟಿವಿ ಸಾಕು. ನಮ್ಮ ಹಾಗೆ ಅರೆ ತುಂಬ ಡಿಸ್ಕ್ ಇದ್ದು, ಮೇಜಿನ ಮೇಲೆ ಇನ್ನೊಂದು ಪೆಟ್ಟಿಗೆಗೆ ಜಾಗವೇ ಇಲ್ಲ, ರಿಮೋಟು ಎರಡಾದರೆ ಒಂದು ಕಳೆಯುವುದು ಗ್ಯಾರಂಟಿ ಅನ್ನುವಂಥ ಆಫೀಸಾದರೆ ಪ್ಲೇಯರ್ ಒಳಗಿರುವುದನ್ನೇ ತನ್ನಿ. ಆದರೆ ಹಿಂದೆ ಹಳದಿ, ಕೆಂಪು, ಬಿಳಿ ಪಿನ್ನಿನ ತೂತಾಗಲಿ, ಎಚ್‌ಡಿಎಂಐ ಆಗಲಿ ಇದೆಯೇ ನೋಡಿಕೊಳ್ಳಿ. ನಾಳೆ ಒಳಗಿನ ಪ್ಲೇಯರ್ ಕೈಕೊಟ್ಟರೆ ಹೊರಗಿಂದ ಒಂದನ್ನು ಸಿಕ್ಕಿಸಬಹುದು. ಕಾಗದದ ಲೇಬಲ್ ಮಾತ್ರ ಬೇಡ. ಹೆಸರನ್ನು ಡಿಸ್ಕ್ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದರೆ ಸಾಕು.

ನಮ್ಮ ಟಿವಿ ಈಗ ಕಿಟಕಿ ಪಕ್ಕದ ಮೇಜಿನ ಮೇಲಿದೆ. ಬಲಗಡೆ ಒಂದು ಗೇಣು ಜಾಗ ಬಿಟ್ಟು, ಇಲ್ಲಿ ಏನೂ ಇಡಬಾರದು ಅಂತ ಚೀಟಿ ಅಂಟಿಸಿದ್ದೇನೆ. ನಿನ್ನೆ ಸಂಜೆ ಬೀಗ ಹಾಕುವಾಗ ನೋಡಿದೆ, ಆ ಚೀಟಿಯ ಮೇಲೆ ನಾಲ್ಕು ಫೈಲು, ಒಂದು ಟಿಫಿನ್ ಡಬ್ಬಿ.

ನಮಸ್ಕಾರ.