ಇನ್ನೊಂದು ಗುಂಪು ಏನನ್ನು ಆಡುತ್ತಿತ್ತು?

ಮಾನ್ಯ ಅಧ್ಯಕ್ಷರೇ, ಅಧ್ಯಾಪಕ ಮಿತ್ರರೇ, ಮಕ್ಕಳ ತಂದೆತಾಯಿಯರೇ,

ಒಳಗೆ ಬರುವಾಗ ಬಾಗಿಲಲ್ಲಿ ಒಬ್ಬ ತಾಯಿ ನನ್ನನ್ನು ನಿಲ್ಲಿಸಿ ಒಂದು ಕರಪತ್ರ ತೋರಿಸಿದರು. ಬೇಸಿಗೆ ಶಿಬಿರದ್ದು. ದಿನಕ್ಕೊಂದು ಗಂಟೆ ವಿಡಿಯೋ ಗೇಮ್ ಆಡಿಸಿ ಮಕ್ಕಳ ಬುದ್ಧಿಯನ್ನು ಚುರುಕುಗೊಳಿಸುತ್ತಾರಂತೆ. ಗಣಿತದ ಅಂಕವೂ ಏರುತ್ತದಂತೆ. ‘ಸೇರಿಸಲೇ ಸರ್?’ ಎಂದು ಕೇಳಿದರು. ನಾನು ಬರೆದು ತಂದ ಉಪನ್ಯಾಸ ಬೇರೆ ಕ್ರಮದಲ್ಲಿತ್ತು. ಅದನ್ನು ಬದಿಗಿಟ್ಟು ಆ ತಾಯಿಗೆ ಉತ್ತರ ಕೊಡುವಂತೆಯೇ ಮಾತನಾಡುತ್ತೇನೆ. ಗೇಮ್‌ನಿಂದ ಮಕ್ಕಳು ಕೆಡುತ್ತಾರೆ ಎಂಬ ಭಾಷಣವನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಅದನ್ನು ಇಲ್ಲಿ ಮತ್ತೆ ಮಾಡುವುದಿಲ್ಲ.

ಕರಪತ್ರದ ಮಾತು ಪೂರ್ತಿ ಗಾಳಿಯಿಂದ ಬಂದದ್ದಲ್ಲ. ಅದಕ್ಕೊಂದು ಮೂಲವಿದೆ, ಆ ಕಥೆ ನನಗೆ ಬಹಳ ಇಷ್ಟ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಡ್ಯಾಫ್ನಿ ಬ್ಯಾವೆಲಿಯರ್ ಅವರ ಪ್ರಯೋಗಾಲಯವಿತ್ತು. ಕಿವುಡರ ದೃಷ್ಟಿಯ ಗಮನ ಹೇಗಿರುತ್ತದೆ ಎಂಬುದನ್ನು ಅಲ್ಲಿ ಅಧ್ಯಯನ ಮಾಡುತ್ತಿದ್ದರು. ಶಾನ್ ಗ್ರೀನ್ ಎಂಬ ಪದವಿ ವಿದ್ಯಾರ್ಥಿ ಅಲ್ಲಿ ಒಂದು ಪರೀಕ್ಷೆಯನ್ನು ಕಂಪ್ಯೂಟರಿಗೆ ಅಳವಡಿಸುತ್ತಿದ್ದ. ಪರದೆಯ ಅಂಚಿನಲ್ಲೆಲ್ಲೋ ಒಂದು ಆಕೃತಿ ಕಣ್ಣುಮಿಟುಕಿಸುವುದರೊಳಗೆ ಮೂಡಿ ಮರೆಯಾಗುತ್ತದೆ. ಎಲ್ಲಿ ಮೂಡಿತು ಎಂದು ಹೇಳಬೇಕು. ಸಾಮಾನ್ಯರು ತಪ್ಪುತ್ತಲೇ ಇರುತ್ತಾರೆ, ಪರೀಕ್ಷೆ ಇರುವುದೇ ಹಾಗೆ. ಗ್ರೀನ್ ತಾನೇ ಕುಳಿತು ನೋಡಿದರೆ ತಪ್ಪೇ ಇಲ್ಲವೆನ್ನುವಷ್ಟು ಚೆನ್ನಾಗಿ ಮಾಡಿದ. ಪ್ರೋಗ್ರಾಮಿನಲ್ಲಿ ದೋಷವಿದೆ ಎಂದುಕೊಂಡು ಸಾಲು ಸಾಲು ಹುಡುಕಿದ. ದೋಷವಿರಲಿಲ್ಲ. ಗೆಳೆಯರನ್ನು ಕೂರಿಸಿದ, ಅವರೂ ಹಾಗೆಯೇ ಮಾಡಿದರು. ಇವರೆಲ್ಲರಿಗೂ ಸಮಾನವಾದದ್ದು ಒಂದೇ: ಬಿಡುವಾದಾಗಲೆಲ್ಲ ಗುಂಡು ಹಾರಿಸುವ ವೇಗದ ಗೇಮ್ ಆಡುತ್ತಿದ್ದರು!

ಇಲ್ಲಿಗೇ ನಿಂತಿದ್ದರೆ ಅದು ಹರಟೆಯಾಗುತ್ತಿತ್ತು. ಚುರುಕು ಕಣ್ಣಿನವರೇ ಅಂಥ ಆಟಕ್ಕೆ ಹೋಗುತ್ತಾರೋ, ಆಟವೇ ಕಣ್ಣನ್ನು ಚುರುಕು ಮಾಡುತ್ತದೆಯೋ? ಎತ್ತರದ ಹುಡುಗರು ಬ್ಯಾಸ್ಕೆಟ್‌ಬಾಲ್ ಆಡುತ್ತಾರೆ. ಬ್ಯಾಸ್ಕೆಟ್‌ಬಾಲ್ ಆಡಿ ಎತ್ತರವಾದರು ಎನ್ನುತ್ತೇವೆಯೇ? ಆದ್ದರಿಂದ ಅವರು ಗೇಮ್ ಆಡದವರನ್ನು ಕರೆತಂದು ಎರಡು ಗುಂಪು ಮಾಡಿದರು. ಒಂದಕ್ಕೆ ದಿನಕ್ಕೊಂದು ಗಂಟೆಯಂತೆ ಹತ್ತು ದಿನ ‘ಮೆಡಲ್ ಆಫ್ ಆನರ್’ ಎಂಬ ಯುದ್ಧದ ಆಟ, ಇನ್ನೊಂದಕ್ಕೆ ಅಷ್ಟೇ ಹೊತ್ತು, ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಆಟ. ಯುದ್ಧದ ಆಟವಾಡಿದವರ ಗಮನ ಹೆಚ್ಚು ಸುಧಾರಿಸಿತು. 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಪ್ರಕಟವಾದಾಗ ಜಗತ್ತೇ ತಿರುಗಿ ನೋಡಿತು.

ಈಗ ನನ್ನ ಪ್ರಶ್ನೆ. ಮೂವತ್ತು ವರ್ಷ ಮನಶ್ಶಾಸ್ತ್ರ ಪಾಠ ಮಾಡುವಾಗ ಪ್ರತಿ ತರಗತಿಯಲ್ಲೂ ಕೇಳಿದ ಪ್ರಶ್ನೆ ಇದು: ಇನ್ನೊಂದು ಗುಂಪು ಏನನ್ನು ಆಡುತ್ತಿತ್ತು?

ಟೆಟ್ರಿಸ್ ಆಡಿದವರು ತಮ್ಮ ಕಣ್ಣು ಚುರುಕಾಗುತ್ತದೆ ಎಂದು ನಿರೀಕ್ಷಿಸಿದ್ದರೇ? ಮನಶ್ಶಾಸ್ತ್ರಜ್ಞರಾದ ವಾಲ್ಟರ್ ಬೂಟ್, ಡೇನಿಯಲ್ ಸೈಮನ್ಸ್ ಮತ್ತು ಸಂಗಡಿಗರು 2013ರಲ್ಲಿ ಇದನ್ನೇ ಎತ್ತಿದರು. ಜನರಿಗೆ ಎರಡೂ ಬಗೆಯ ಆಟಗಳ ದೃಶ್ಯ ತೋರಿಸಿ, ಯಾವುದರಿಂದ ಯಾವ ಪರೀಕ್ಷೆಯಲ್ಲಿ ಸುಧಾರಣೆ ಬರಬಹುದು ಎಂದು ಕೇಳಿದರು. ಆಟವನ್ನು ಮುಟ್ಟಿಯೂ ಇರದ ಜನರ ನಿರೀಕ್ಷೆ, ಪ್ರಯೋಗಗಳ ಫಲಿತಾಂಶದ ಜೊತೆ ತಾಳೆಯಾಯಿತು. ಔಷಧದ ಪರೀಕ್ಷೆಯಲ್ಲಿ ಯಾರಿಗೆ ಮಾತ್ರೆ, ಯಾರಿಗೆ ಸಕ್ಕರೆ ಎಂದು ರೋಗಿಗೆ ತಿಳಿಯದಂತೆ ನೋಡಿಕೊಳ್ಳಬಹುದು. ತಾನು ಯಾವ ಆಟ ಆಡುತ್ತಿದ್ದೇನೆಂಬುದನ್ನು ಆಡುವವನಿಂದ ಮುಚ್ಚಿಡುವುದು ಹೇಗೆ? ಇದೇ ಬೂಟ್ 2008ರಲ್ಲಿ ಇಪ್ಪತ್ತು ಗಂಟೆಗೂ ಹೆಚ್ಚು ಆಡಿಸಿ ನೋಡಿದಾಗ ಹೇಳಿಕೊಳ್ಳುವಂಥ ಲಾಭ ಸಿಕ್ಕಿರಲಿಲ್ಲ. 2018ರಲ್ಲಂತೂ ಎಲ್ಲ ಪ್ರಯೋಗಗಳನ್ನು ಒಟ್ಟು ಮಾಡಿದ ಎರಡು ವಿಶ್ಲೇಷಣೆಗಳು ಬಂದವು. ಬ್ಯಾವೆಲಿಯರ್ ಬಳಗದ್ದು ಲಾಭವಿದೆ ಎಂದಿತು. ಸಾಲಾ ಮತ್ತು ಗೋಬೆ ಅವರದ್ದು ನಗಣ್ಯ ಎಂದಿತು.

ನನ್ನ ಅಭಿಪ್ರಾಯ ಕೇಳುವಿರಾದರೆ, ವೇಗದ ಆಟಗಳಿಂದ ನೋಟದ ಗಮನ ಸ್ವಲ್ಪ ಹರಿತವಾಗುತ್ತದೆ ಎಂಬುದನ್ನು ನಾನು ತಳ್ಳಿಹಾಕುವುದಿಲ್ಲ. ಆ ಹರಿತ ಗಣಿತದ ಪುಸ್ತಕಕ್ಕೆ ನಡೆದುಹೋಗುತ್ತದೆ ಎಂಬುದನ್ನು ಒಪ್ಪುವುದಿಲ್ಲ. ಚೇಸ್ ಮತ್ತು ಸೈಮನ್ ಎಂಬ ಇನ್ನಿಬ್ಬರು ಸಂಶೋಧಕರು 1973ರಲ್ಲಿ ತೋರಿಸಿದ್ದು ನೆನಪಿರಲಿ. ನಿಜವಾದ ಪಂದ್ಯದ ಚದುರಂಗದ ಹಲಗೆಯನ್ನು ಐದು ಸೆಕೆಂಡು ನೋಡಿ ನಿಪುಣ ಆಟಗಾರ ಬಹುಪಾಲು ಕಾಯಿಗಳನ್ನು ಮತ್ತೆ ಜೋಡಿಸಿಬಿಡುತ್ತಾನೆ. ಅದೇ ಕಾಯಿಗಳನ್ನು ಮನಸ್ಸಿಗೆ ಬಂದಂತೆ ಚೆಲ್ಲಿಟ್ಟರೆ ಅವನ ಮೇಲುಗೈ ಉಳಿಯಲಿಲ್ಲ. ನಮ್ಮ ಅಷ್ಟಾವಧಾನವನ್ನೇ ನೋಡಿ. ನಿಷೇಧಾಕ್ಷರಿಯವರು ಅಕ್ಷರಗಳನ್ನು ತಡೆಯುತ್ತಾರೆ, ಸಮಸ್ಯೆ ಕೊಟ್ಟವರು ಕಾಯುತ್ತಾರೆ, ಗಂಟೆ ಬಾರಿಸುವವರು ಬಾರಿಸುತ್ತಲೇ ಇರುತ್ತಾರೆ, ಅಪ್ರಸ್ತುತ ಪ್ರಸಂಗದವರು ನಡುನಡುವೆ ಕಾಲೆಳೆಯುತ್ತಾರೆ. ಅವಧಾನಿ ಯಾವುದನ್ನೂ ಕೈಬಿಡುವುದಿಲ್ಲ. ಆ ಶಕ್ತಿ ಛಂದಸ್ಸಿನ ಮೇಲೆ, ಶಬ್ದಸಂಪತ್ತಿನ ಮೇಲೆ ವರ್ಷಗಟ್ಟಲೆ ದುಡಿದು ಬಂದದ್ದು. ಇಷ್ಟೆಲ್ಲ ಗಮನವಿದೆಯೆಂದು ಸೊಸೈಟಿಯ ಲೆಕ್ಕಪತ್ರವನ್ನು ಅವಧಾನಿಗಳಿಗೆ ಒಪ್ಪಿಸಿದವರನ್ನು ನಾನು ಕಂಡಿಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷವಂತೆ. ಹಿರಿಯರ ನೆನಪಿನ ಶಕ್ತಿಯ ಬಗ್ಗೆ ಹೇಳಬೇಕೆಂದಿದ್ದೆ, ಬಿಡುತ್ತೇನೆ. ಶಸ್ತ್ರಚಿಕಿತ್ಸಕರ ವಿಷಯ ಒಂದೇ ಮಾತು: 2007ರ ಒಂದು ಅಧ್ಯಯನದಲ್ಲಿ, ಹಿಂದೆ ವಾರಕ್ಕೆ ಮೂರು ಗಂಟೆಗಿಂತ ಹೆಚ್ಚು ಗೇಮ್ ಆಡಿದ್ದ ವೈದ್ಯರು ಲ್ಯಾಪರೊಸ್ಕೋಪಿ, ಅಂದರೆ ಸಣ್ಣ ರಂಧ್ರದ ಮೂಲಕ ಮಾಡುವ ಶಸ್ತ್ರಚಿಕಿತ್ಸೆಯ ಅಭ್ಯಾಸದಲ್ಲಿ ಶೇ. 37ರಷ್ಟು ಕಡಿಮೆ ತಪ್ಪು ಮಾಡಿದರು. ಸುದ್ದಿಯಾಯಿತು. ಆದರೆ ಅಲ್ಲಿ ಯಾರನ್ನೂ ಗುಂಪು ಮಾಡಿ ಆಡಿಸಿರಲಿಲ್ಲ. ಬ್ಯಾಸ್ಕೆಟ್‌ಬಾಲ್ ಹುಡುಗರ ಕಥೆಯೇ.

ನನ್ನ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟ ಒಂದು ಅಧ್ಯಯನವನ್ನು ಮಾತ್ರ ಬಿಡಲಾರೆ. ಕಣ್ಣಿನ ವೈದ್ಯರು ‘ಲೇಜಿ ಐ’ ಎನ್ನುವ ತೊಂದರೆ ನಿಮಗೆ ಗೊತ್ತು. ಒಂದು ಕಣ್ಣಿನ ನೋಟವನ್ನು ಮಿದುಳು ಕಡೆಗಣಿಸುತ್ತಾ ಹೋಗುತ್ತದೆ. ದೊಡ್ಡವರಾದ ಮೇಲೆ ಸರಿಯಾಗದು ಎಂದೇ ನಂಬಿದ್ದರು. 2011ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಇಂಥ ತೊಂದರೆಯಿದ್ದ ಇಪ್ಪತ್ತು ಜನರ ಒಳ್ಳೆಯ ಕಣ್ಣನ್ನು ಮುಚ್ಚಿ ಗೇಮ್ ಆಡಿಸಿದರು. ನಲವತ್ತು ಗಂಟೆಗಳಲ್ಲಿ ನೋಟ ಸುಧಾರಿಸಿತು. ಇನ್ನೊಂದು ಗುಂಪು? ಅವರಲ್ಲೇ ಕೆಲವರಿಗೆ ಮೊದಲು ಅದೇ ರೀತಿ ಕಣ್ಣು ಮುಚ್ಚಿ ಟಿವಿ ನೋಡುವಂಥ, ಹೆಣಿಗೆ ಹೆಣೆಯುವಂಥ ಕೆಲಸ ಕೊಟ್ಟಿದ್ದರು. ಅದರಿಂದ ಏನೂ ಆಗಲಿಲ್ಲ, ಆಮೇಲೆ ಗೇಮ್ ಆಡಿಸಿದಾಗ ಆಯಿತು. ಗುಂಪು ಚಿಕ್ಕದು, ಒಪ್ಪುತ್ತೇನೆ. ಆದರೂ ಇದನ್ನು ಓದಿದ ದಿನ ನನಗೆ ಆದ ಸಂತೋಷ ದೊಡ್ಡದು.

ಅಮ್ಮಾ, ಮೂರನೆಯ ಸಾಲಿನಲ್ಲಿ ನಿಮ್ಮನ್ನು ನೋಡಿದೆ. ಮಗ ಸಂಜೆ ಒಂದಿಷ್ಟು ಹೊತ್ತು ಗೇಮ್ ಆಡಿದರೆ ಆಡಲಿ, ಅವನಿಗೆ ಅದು ಖುಷಿ. ಅದಕ್ಕೆ ಶಿಬಿರದ ಶುಲ್ಕ ಬೇಡ. ಮಗನ ಎರಡೂ ಕಣ್ಣುಗಳನ್ನು ಬೇರೆಬೇರೆಯಾಗಿ ಪರೀಕ್ಷೆ ಮಾಡಿಸಿಲ್ಲವಾದರೆ ಈ ರಜೆಯಲ್ಲೇ ಮಾಡಿಸಿ. ಕರಪತ್ರದಲ್ಲಿ ಫೋನ್ ನಂಬರ್ ಇದೆಯಲ್ಲ, ನಾಳೆ ಅವರಿಗೆ ಕರೆ ಮಾಡಿ, ಅಂಕ ಏರಿತು ಎನ್ನುವಾಗ ಇನ್ನೊಂದು ಗುಂಪು ಏನನ್ನು ಆಡುತ್ತಿತ್ತು ಎಂದು ಕೇಳಿ. ಉತ್ತರ ಸಿಕ್ಕರೆ ನನಗೂ ತಿಳಿಸಿ, ನಾನೇ ಹೋಗಿ ನೋಡಿ ಬರುತ್ತೇನೆ.