ಬೆಂಜಮಿನ್ ಡೇವಿಸ್ ಜೂನಿಯರ್: ಬಣ್ಣ ನೋಡಿ ಬೇಡ ಅಂದವರ ಮುಂದೆ ಹಾರಿದ ಪೈಲಟ್

ಬೆಂಜಮಿನ್ ಡೇವಿಸ್ ಜೂನಿಯರ್. ನಮ್ಮಲ್ಲಿ ಈ ಹೆಸರು ಕೇಳಿದವರು ಕಡಿಮೆ. ಟಸ್ಕೀಗೀ ಏರ್‌ಮೆನ್, ಅಂದರೆ ಅಮೆರಿಕದ ಸೈನ್ಯದ ಮೊದಲ ಕಪ್ಪು ಪೈಲಟ್‌ಗಳು, ಅವರ ಕೆಂಪು ಬಾಲದ ವಿಮಾನಗಳು ಅಂದರೆ ಕೆಲವರಿಗೆ ನೆನಪಾಗಬಹುದು. ಎರಡನೇ ಮಹಾಯುದ್ಧದಲ್ಲಿ ಆ ಪೈಲಟ್‌ಗಳನ್ನು ಮುನ್ನಡೆಸಿದವರು ಇವರು. ಆದರೆ ಇವರ ಅತಿ ದೊಡ್ಡ ಹೋರಾಟ ನಡೆದಿದ್ದು ವಾಷಿಂಗ್ಟನ್ನಿನಲ್ಲಿ, ಅಧಿಕಾರಿಗಳ ಮುಂದೆ ಕೂತು ಮಾತಾಡುವಾಗ ಅಂತ ನನಗೆ ಅನಿಸುತ್ತೆ. ಅಲ್ಲಿಗೆ ಆಮೇಲೆ ಬರ್ತೀನಿ.

1932ರಲ್ಲಿ ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿ ಸೇರಿದರು. ಅಪ್ಪನೂ ಸೈನ್ಯದಲ್ಲೇ ಇದ್ದವರು, ಮುಂದೆ ಅಮೆರಿಕದ ಸೈನ್ಯದ ಮೊದಲ ಕಪ್ಪು ಜನರಲ್ ಆದವರು. ಆದರೂ ಅಕಾಡೆಮಿಯಲ್ಲಿ ಮಗನ ಜೊತೆ ಯಾರೂ ಮಾತಾಡಲಿಲ್ಲ. ಒಂದು ದಿನ ಎರಡು ದಿನ ಅಲ್ಲ, ಪೂರ್ತಿ ನಾಲ್ಕು ವರ್ಷ. ಡ್ಯೂಟಿಗೆ ಬೇಕಾದಷ್ಟು ಮಾತು, ಅಷ್ಟೇ. ರೂಮಲ್ಲಿ ಒಬ್ಬರೇ, ಊಟದ ಮೇಜಿನಲ್ಲಿ ಸುತ್ತ ಜನ ಇದ್ದರೂ ಒಬ್ಬರೇ. ಬೇಸತ್ತು ತಾನಾಗೇ ಬಿಟ್ಟು ಹೋಗಲಿ ಅಂತ ಇದೆಲ್ಲ. ಇವರು ಹೋಗಲಿಲ್ಲ. 1936ರಲ್ಲಿ 276 ಜನರ ತಂಡದಲ್ಲಿ 35ನೆಯವರಾಗಿ ಪಾಸಾದರು. ಇವತ್ತು ಅದೇ ಅಕಾಡೆಮಿಯ ಒಂದು ವಸತಿ ಕಟ್ಟಡಕ್ಕೆ ಇವರ ಹೆಸರಿದೆ.

ಪೈಲಟ್ ಆಗ್ತೀನಿ ಅಂತ ಅರ್ಜಿ ಹಾಕಿದರೆ ಉತ್ತರ ಏನು ಗೊತ್ತಾ? ಕಪ್ಪು ಜನರ ವಿಮಾನ ದಳವೇ ಇಲ್ಲ, ಹಾಗಾಗಿ ಆಗಲ್ಲ. ಕಾಲಾಳು ಪಡೆಗೆ ಕಳಿಸಿದರು. 1941ರಲ್ಲಿ, ಒತ್ತಡ ಜಾಸ್ತಿ ಆದ ಮೇಲೆ, ಅಲಬಾಮಾದ ಟಸ್ಕೀಗೀಯಲ್ಲಿ ತರಬೇತಿ ಶುರುವಾಯಿತು. ಮೊದಲ ಬ್ಯಾಚಿನ 13 ಜನರಲ್ಲಿ ಕೊನೆವರೆಗೂ ಉಳಿದವರು ಐದೇ ಜನ. ಅವರಲ್ಲಿ ಡೇವಿಸ್ ಒಬ್ಬರು.

1943ರಲ್ಲಿ ಇವರ 99ನೇ ಸ್ಕ್ವಾಡ್ರನ್, ಅಂದರೆ ಟಸ್ಕೀಗೀಯಲ್ಲಿ ಕಲಿತ ಕಪ್ಪು ಪೈಲಟ್‌ಗಳ ದಳ, ಉತ್ತರ ಆಫ್ರಿಕಾಕ್ಕೆ ಹೋಯಿತು. ಕೆಲವೇ ತಿಂಗಳಲ್ಲಿ ಮೇಲಿನ ಬಿಳಿಯ ಅಧಿಕಾರಿಯೊಬ್ಬರು ವರದಿ ಬರೆದರು. ಇವರಲ್ಲಿ ಕೆಚ್ಚಿಲ್ಲ, ಮುಂಚೂಣಿಯಿಂದ ತೆಗೆದು ಕರಾವಳಿ ಕಾಯೋಕೆ ಹಾಕಿ ಅಂತ. ಅದಕ್ಕೆ ಮೇಲಿನವರೆಲ್ಲ ತಲೆಯಾಡಿಸಿದರು. ಆ ವರದಿ ಗೆದ್ದಿದ್ದರೆ ಮುಂದಿನದು ಯಾವುದೂ ನಡೀತಿರಲಿಲ್ಲ.

ಆ ವರದಿಗೆ ಉತ್ತರವಾಗಿ ಡೇವಿಸ್ ವಾಷಿಂಗ್ಟನ್ನಿನಲ್ಲಿ ಯುದ್ಧ ಇಲಾಖೆಯ ಸಮಿತಿಯ ಮುಂದೆ ಕೂತು ಸಮಾಧಾನವಾಗಿ ಲೆಕ್ಕ ಒಪ್ಪಿಸಿದರು. ನಮ್ಮಲ್ಲಿ ಯುದ್ಧ ನೋಡಿದ ಹಿರಿಯ ಪೈಲಟ್ ಒಬ್ಬನೂ ಇರಲಿಲ್ಲ, ಇರೋಕೆ ಹೇಗೆ ಸಾಧ್ಯ, ಅಲ್ಲಿಯವರೆಗೆ ನಮ್ಮನ್ನು ವಿಮಾನ ಹತ್ತೋಕೇ ಬಿಟ್ಟಿರಲಿಲ್ಲವಲ್ಲ. ಬೇರೆ ದಳಗಳಿಗಿಂತ ಪೈಲಟ್‌ಗಳೂ ಕಡಿಮೆ, ಹಾಗಾಗಿ ಇದ್ದವರೇ ಜಾಸ್ತಿ ಹಾರಬೇಕಾಯಿತು. ವಾದದ ತಿರುಳು ಇಷ್ಟು. ಸಿಟ್ಟು ಬಂದಿರಲ್ವಾ? ಖಂಡಿತ ಬಂದಿರುತ್ತೆ. ಆದರೆ ತಾನು ಒಂದು ಮಾತು ತಪ್ಪಿದರೆ ಎಷ್ಟು ಹುಡುಗರ ದಾರಿ ಮುಚ್ಚುತ್ತೆ ಅಂತ ಅವರಿಗೆ ಗೊತ್ತಿತ್ತು. ಸೈನ್ಯ ಬೇರೆಯಾಗಿ ಪರಿಶೀಲನೆ ಮಾಡಿಸಿತು. 99ನೇ ಸ್ಕ್ವಾಡ್ರನ್ ಉಳಿದವರಿಗಿಂತ ಏನೂ ಕಡಿಮೆ ಇಲ್ಲ ಅಂತ ಬಂತು. 1944ರ ಜನವರಿಯಲ್ಲಿ ಇಟಲಿಯ ಆಂಜಿಯೋ ಮೇಲೆ ಅದೇ ಸ್ಕ್ವಾಡ್ರನ್ ಎರಡೇ ದಿನದಲ್ಲಿ ಹನ್ನೆರಡು ಜರ್ಮನ್ ವಿಮಾನ ಉರುಳಿಸಿತು.

ಅಷ್ಟು ಹೊತ್ತಿಗೆ ಡೇವಿಸ್ 332ನೇ ಫೈಟರ್ ಗ್ರೂಪಿನ, ಅಂದರೆ ಕಪ್ಪು ಪೈಲಟ್‌ಗಳದೇ ಹಲವು ಸ್ಕ್ವಾಡ್ರನ್ ಇದ್ದ ದೊಡ್ಡ ದಳದ, ಕಮಾಂಡರ್. ಬಾಂಬರ್‌ಗಳನ್ನು, ಅಂದರೆ ಬಾಂಬ್ ಹಾಕೋ ವಿಮಾನಗಳನ್ನು, ಜೊತೆಗೆ ಹಾರಿ ಕಾಯೋದು ಅವರ ಮುಖ್ಯ ಕೆಲಸ. ಶತ್ರು ವಿಮಾನ ಹೊಡೆದು ಹೆಸರು ಮಾಡೋ ಆಸೆಗೆ ಬಾಂಬರ್ ಬಿಟ್ಟು ಹೋಗಬೇಡಿ, ಇದು ಅವರ ಕಟ್ಟಪ್ಪಣೆ. ಈ ಗ್ರೂಪ್ ಒಂದು ಬಾಂಬರ್ ಅನ್ನೂ ಕಳೆದುಕೊಳ್ಳಲಿಲ್ಲ ಅಂತ ಬಹಳ ಕಾಲ ಹೇಳ್ತಿದ್ದರು. ಅದು ನಿಜ ಅಲ್ಲ. ವಾಯುಪಡೆಯ ಇತಿಹಾಸಕಾರರು ದಾಖಲೆ ಜಾಲಾಡಿದಾಗ ಸುಮಾರು 27 ಬಾಂಬರ್ ಕಳೆದುಹೋಗಿದ್ದು ಸಿಕ್ಕಿತು. ಅದೇ ಕೆಲಸದ ಬೇರೆ ಗ್ರೂಪುಗಳ ಸರಾಸರಿ 46. ನಿಜವೇ ಇಷ್ಟು ಚೆನ್ನಾಗಿರುವಾಗ ಉತ್ಪ್ರೇಕ್ಷೆ ಯಾಕೆ ಬೇಕು ಹೇಳಿ.

1954ರಲ್ಲಿ ಅಮೆರಿಕದ ವಾಯುಪಡೆಯ ಮೊದಲ ಕಪ್ಪು ಜನರಲ್ ಆದರು. 1970ರಲ್ಲಿ ಮೂರು ನಕ್ಷತ್ರದ ಜನರಲ್ ಆಗಿ ನಿವೃತ್ತಿ (ನಕ್ಷತ್ರ ಹೆಚ್ಚಿದಷ್ಟೂ ಹುದ್ದೆ ದೊಡ್ಡದು). ನಾಲ್ಕನೆಯದನ್ನು ಅಧ್ಯಕ್ಷ ಕ್ಲಿಂಟನ್ ತೊಡಿಸಿದ್ದು 1998ರಲ್ಲಿ, ಇವರಿಗೆ 85 ತುಂಬಿದ್ದಾಗ. ಸೇವೆಯಲ್ಲಿ ಇರುವಾಗಲೇ ಕೊಡಬೇಕಿತ್ತು, ಈ ವಿಷಯದಲ್ಲಿ ನನಗೆ ಇನ್ನೂ ಬೇಜಾರಿದೆ. ಸೇವೆಯಲ್ಲಿದ್ದು ಆ ನಾಲ್ಕು ನಕ್ಷತ್ರ ಪಡೆದ ಮೊದಲ ಕಪ್ಪು ಅಧಿಕಾರಿ ಚಾಪೀ ಜೇಮ್ಸ್, 1975ರಲ್ಲಿ. ಅವರೂ ಟಸ್ಕೀಗೀಯಲ್ಲೇ ಹಾರೋದು ಕಲಿತವರು. ಮುಂದಿನ ವಿಡಿಯೋ ಅವರ ಬಗ್ಗೆ.