ಮನೆ ಕಂದಾಯ: ಕೇಳಿದವರಿಗಷ್ಟೇ ರಿಯಾಯಿತಿ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಮನೆ ಕಂದಾಯದ ಮಾತು. ಕಟ್ಟಬೇಕು ಅಂತ ಎಲ್ಲರಿಗೂ ಗೊತ್ತು, ಅದರಲ್ಲಿ ಎಷ್ಟು ಬಿಡಿಸಿಕೊಳ್ಳಬಹುದು ಅಂತ ವಿಚಾರಿಸುವವರು ಕಡಿಮೆ. ನೀವು ಬಾಯಿಬಿಟ್ಟು ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ. ನೀವು ಮಿಲಿಟರಿಯಲ್ಲಿದ್ದವರು ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಮಿಲಿಟರಿ ಅಂದದ್ದು ಸುಮ್ನೆ ಅಲ್ಲ. ಮಡಿಕೇರಿ, ವಿರಾಜಪೇಟೆ, ಕುಶಾಲನಗರದಂಥ ಪಟ್ಟಣಗಳಲ್ಲಿ ಮಾಜಿ ಸೈನಿಕರು ತಾವೇ ವಾಸವಿರುವ ಮನೆಗೆ ಆಸ್ತಿ ತೆರಿಗೆಯಲ್ಲಿ ಅರ್ಧ ರಿಯಾಯಿತಿ ಕೇಳಬಹುದು. ಸೈನಿಕರು ತೀರಿಕೊಂಡಿದ್ದರೆ ಅವರ ಮನೆಯವರೂ ಕೇಳಬಹುದು. ನಮ್ಮ ಕೊಡಗು ಜಿಲ್ಲೆಗೆ ಇಂಥ ಲೆಕ್ಕ ಹೊಸದೇನಲ್ಲ ನೋಡಿ. ಭಟ್ಟಿ ಅಂದರೆ ಹಳೇ ಕಾಲದ ಜಮೀನಿನ ಅಳತೆ. ಹಿಂದೆ ಸಾಗು ಜಮೀನಿಗೆ, ಅಂದರೆ ಪೂರ್ತಿ ಕಂದಾಯದ ಸಾಮಾನ್ಯ ಜಮೀನಿಗೆ, 100 ಭಟ್ಟಿಗೆ 10 ರೂಪಾಯಿ ಕಂದಾಯವಿದ್ದರೆ ಸೈನಿಕ ಸೇವೆಗಾಗಿ ವಂಶಪಾರಂಪರ್ಯವಾಗಿ ಕೊಟ್ಟ ಜಮ್ಮಾ ಜಮೀನಿಗೆ 5 ರೂಪಾಯಿ. ರಾಜ ಕರೆದಾಗ ಕೋವಿ ಹಿಡಿದು ಹೊರಡಬೇಕಿತ್ತಲ್ಲ, ಅದಕ್ಕೆ.

ಆದರೆ ಈಗಿನ ರಿಯಾಯಿತಿ ಸಿಗುವುದು ವಾಸದ ಮನೆಗೆ ಮಾತ್ರ. ಕೆಳಗೆ ಅಂಗಡಿ, ಮೇಲೆ ಮನೆ ಇದ್ದರೆ ಅಂಗಡಿಗೆ ಪೂರ್ತಿ ಕಟ್ಟಬೇಕು. ಇನ್ನೊಂದು ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಅದೂ ಇದರಲ್ಲಿ ಬರುವುದಿಲ್ಲ. ಇದು ಸರಿ ಅಂತಲೇ ನನಗೆ ಅನಿಸುತ್ತದೆ.

ಜನ ಸಿಕ್ಕಿಹಾಕಿಕೊಳ್ಳುವುದು ಹೆಸರಿನ ವಿಷಯದಲ್ಲಿ. ಖಾತೆಯಲ್ಲಿ ಮನೆತನದ ಹೆಸರು ಮೊದಲು, ಆಮೇಲೆ ಸ್ವಂತ ಹೆಸರು. ಸೈನ್ಯದಿಂದ ಬಿಡುಗಡೆಯಾದಾಗ ಕೊಡುವ ಡಿಸ್ಚಾರ್ಜ್ ಬುಕ್ಕಿನಲ್ಲಿ ಅದೇ ಹೆಸರು ತಿರುಗುಮುರುಗು, ಮನೆತನ ಬರೀ ಎರಡಕ್ಷರದ ಇನಿಷಿಯಲ್. ಕೌಂಟರಿನಲ್ಲಿ ಕೂತ ಹುಡುಗನಿಗೆ ಇವರಿಬ್ಬರೂ ಒಬ್ಬರೇನಾ ಅಂತ ಅನುಮಾನ ಬಂದರೆ ಅವನನ್ನು ಬೈಯುವಂತಿಲ್ಲ. ಅದಕ್ಕಿಂತ ಕಷ್ಟ, ಖಾತೆ ಇನ್ನೂ ತಾತನ ಹೆಸರಿನಲ್ಲೇ ಇರುವ ಮನೆಗಳದ್ದು. ಪಾಲಾಗಿ ಎಷ್ಟೋ ವರ್ಷವಾಗಿರುತ್ತದೆ, ಕಾಗದ ಮಾತ್ರ ಹಾಗೇ ಇರುತ್ತದೆ. ಮೊದಲು ಖಾತೆ ನಿಮ್ಮ ಹೆಸರಿಗೆ ಆಗಲಿ, ಆಮೇಲೆ ಮಾಜಿ ಸೈನಿಕರ ಗುರುತಿನ ಚೀಟಿ, ಪಿಂಚಣಿ ಆದೇಶದ ಜೆರಾಕ್ಸ್ ಇಟ್ಟು ಅರ್ಜಿ ಕೊಡಿ, ಕೊಟ್ಟದ್ದಕ್ಕೆ ಸೀಲು ಹಾಕಿದ ಸ್ವೀಕೃತಿಯನ್ನೂ ಇಸ್ಕೊಳ್ಳಿ.

ಸೈನ್ಯಕ್ಕೆ ಸೇರದವರಿಗೆ ಏನೂ ಇಲ್ವಾ ಅಂದರೆ, ಇದೆ. ಪಟ್ಟಣದಲ್ಲಿ ಇಡೀ ವರ್ಷದ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ನೂರಕ್ಕೆ 5 ರೂಪಾಯಿ ಕಡಿತ. ಮೇ, ಜೂನ್‌ನಲ್ಲಿ ಕಡಿತವೂ ಇಲ್ಲ, ದಂಡವೂ ಇಲ್ಲ. ಮಳೆ ನಿಂತ ಮೇಲೆ ನೋಡೋಣ ಅಂತ ಕೂತರೆ ಜುಲೈಯಿಂದ ತಿಂಗಳಿಗೆ ನೂರಕ್ಕೆ 2ರಂತೆ ದಂಡ ಬೀಳುತ್ತದೆ. 4000 ರೂಪಾಯಿ ತೆರಿಗೆ ಅಂತ ಇಟ್ಟುಕೊಳ್ಳಿ, ಏಪ್ರಿಲ್‌ನಲ್ಲಿ 200 ಉಳಿಯುತ್ತದೆ, ಮಾರ್ಚ್‌ವರೆಗೆ ಎಳೆದರೆ 9 ತಿಂಗಳಿಗೆ 720 ಜಾಸ್ತಿ. ಕಾಫಿ ಮಾರಿದ ದುಡ್ಡು ಏಪ್ರಿಲ್ ಹೊತ್ತಿಗೆ ಸ್ವಲ್ಪವಾದರೂ ಕೈಯಲ್ಲಿ ಇರುತ್ತದೆ, ಆಗಲೇ ಮುಗಿಸಿಬಿಡಿ.

ಹಳೇ ಹೆಂಚಿನ ಮನೆಯವರು ಇನ್ನೊಂದನ್ನು ನೋಡಬೇಕು. ತೆರಿಗೆ ಲೆಕ್ಕ ಹಾಕುವಾಗ ಕಟ್ಟಡದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುತ್ತಾರೆ. ಫಾರಂನಲ್ಲಿ ಕಟ್ಟಿದ ವರ್ಷ ತಪ್ಪಾಗಿದ್ದರೆ ಹಳೇ ಮನೆಗೆ ಹೊಸ ಮನೆಯ ತೆರಿಗೆ ಕಟ್ಟುತ್ತಾ ಇರುತ್ತೀರಿ.

ದೇವಸ್ಥಾನ, ಮಸೀದಿ, ಚರ್ಚುಗಳಿಗೆ ತೆರಿಗೆ ಇಲ್ಲ, ಗೊತ್ತಿರುವುದೇ. ಹಾಗಂತ ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲ ಮನೆಯಲ್ಲಿ, ಕಾರಣವರಿಗೆ (ತೀರಿಕೊಂಡ ಹಿರಿಯರಿಗೆ) ಎಡೆ ಇಡುತ್ತೇವೆ, ನಮಗೂ ಬಿಡಿ ಅಂದರೆ ನಡೆಯುವುದಿಲ್ಲ. ಕಾನೂನು ಹೇಳುವುದು ಸಾರ್ವಜನಿಕ ಪೂಜೆಯ ಜಾಗ ಅಂತ.

ಇನ್ನು ಹಳ್ಳಿ ಕಡೆಯವರು. ಕೃಷಿ ಕಂದಾಯಕ್ಕೆ ಒಳಪಟ್ಟ ಜಮೀನಿಗೆ ಗ್ರಾಮ ಪಂಚಾಯಿತಿ ತೆರಿಗೆ ಹಾಕುವಂತಿಲ್ಲ, ಕಟ್ಟಡಕ್ಕೆ ಹಾಕಬಹುದು. ಅಂದರೆ ತೋಟದೊಳಗಿನ ಮನೆಗೆ ತೆರಿಗೆ ಉಂಟು, ಸುತ್ತಲಿನ ಕಾಫಿಗೆ ಇಲ್ಲ. ಪಂಚಾಯಿತಿ ಬಿಲ್ಲು ಬಂದಾಗ ಎಷ್ಟು ಅಡಿ ಕಟ್ಟಡ ಅಂತ ಬರೆದಿದ್ದಾರೆ ನೋಡಿ, ಹೊಂದದಿದ್ದರೆ ಅಳತೆ ಮಾಡಿ ಅಂತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರಿಗೆ ಬರೆದು ಕೊಡಿ. ನಮಸ್ಕಾರ.